ತಪ್ಪು ಯಾರದು?



ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ಕಂಪ್ಯೂಟರಿನ ಮಾತೇಕೆ ಎಂದು ನೀವು ಕೇಳಬಹುದು. ಒಂದು ಅನುಭವ ಹೇಳುತ್ತೇನೆ. ಒಮ್ಮೆ ಬಹು ಆಯ್ಕೆ ಪರೀಕ್ಷೆಯ ಪತ್ರಿಕೆ ತಿದ್ದುವಾಗ ‘ಎ’ ಪತ್ರಿಕೆಗೆ ‘ಬಿ’ ಪತ್ರಿಕೆಯ ಕೀ ಉತ್ತರ ಹಿಡಿದು ಅಂಕ ಕೊಟ್ಟುಬಿಟ್ಟೆ. ಜಾಣ ಹುಡುಗಿಯೊಬ್ಬಳು ಫೇಲಾದಳು, ಅತ್ತಳು. ಅವಳ ಪತ್ರಿಕೆಯೂ ಸರಿ, ನನ್ನ ಕೀ ಉತ್ತರವೂ ಸರಿ. ಜೋಡಿ ಮಾತ್ರ ತಪ್ಪು.

ತಂತ್ರಾಂಶ ಕ್ಷೇತ್ರದಲ್ಲೂ ಇಂಥದ್ದೇ ನಡೆಯುತ್ತದೆ. ಫೈರ್‌ಫಾಕ್ಸ್ ಹಠಾತ್ತನೆ ಮುಚ್ಚಿಕೊಂಡರೆ ನಿಮ್ಮ ಒಪ್ಪಿಗೆ ಪಡೆದು ಮೊಜಿಲ್ಲಾ ಸಂಸ್ಥೆಗೆ ಒಂದು ವರದಿ ಕಳಿಸುತ್ತದೆ. 2008ರಲ್ಲಿ ಬಂದ ಫೈರ್‌ಫಾಕ್ಸ್ 3ರಲ್ಲಿ ಇದಕ್ಕಾಗಿ ಬ್ರೇಕ್‌ಪ್ಯಾಡ್ ಎಂಬ ಸಾಧನ ಅಳವಡಿಸಿದ್ದರು. ಆ ವರದಿಯಲ್ಲಿ ಬರುವುದು ಬರೀ ಅಂಕಿಗಳ ವಿಳಾಸ. ಯಾವ ಫಂಕ್ಷನ್, ಎಷ್ಟನೆಯ ಸಾಲು ಎಂಬುದು ಡಿಬಗ್ ಸಿಂಬಲ್ ಎಂಬ ಬೇರೆ ಕಡತದಲ್ಲಿರುತ್ತದೆ. ವಿಂಡೋಸ್‌ನಲ್ಲಿ ಅದು ಪಿಡಿಬಿ, ಲಿನಕ್ಸ್‌ನಲ್ಲಿ ಡ್ವಾರ್ಫ್ ಮಾಹಿತಿ. ಎರಡನ್ನೂ ಜೋಡಿಸಿದಾಗಲೇ ತಪ್ಪು ಎಲ್ಲಿ ಆಯಿತೆಂದು ತಿಳಿಯುವುದು.

ಹೆಸರು ಸಿಗದಿದ್ದರೆ ಹುಡುಕುತ್ತೇವೆ. ತಪ್ಪು ಹೆಸರು ಸಿಕ್ಕರೆ ನಂಬಿಬಿಡುತ್ತೇವೆ. ಅಪಾಯ ಇರುವುದು ಇಲ್ಲಿಯೇ. ಏನೂ ತಪ್ಪು ಮಾಡದ ಫಂಕ್ಷನ್ ಅನ್ನು ದಿನಗಟ್ಟಲೆ ಕೆದಕುತ್ತೇವೆ. ನಿಜವಾದ ದೋಷ ಬಳಕೆದಾರರ ಕೆಲಸವನ್ನು ಕೆಡಿಸುತ್ತಲೇ ಇರುತ್ತದೆ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು, ಗುರುತು ಸಂಖ್ಯೆ. ಲಿನಕ್ಸ್‌ನಲ್ಲಿ ಬಿಲ್ಡ್ ಐಡಿ, ವಿಂಡೋಸ್‌ನಲ್ಲಿ ಜಿಯುಐಡಿ ಎಂಬ ಗುರುತು ಪ್ರೋಗ್ರಾಮಿನಲ್ಲೂ ಸಿಂಬಲ್ ಕಡತದಲ್ಲೂ ಇರುತ್ತದೆ. ಎರಡೂ ತಾಳೆಯಾದರೆ ಮಾತ್ರ ಜೋಡಿಸಬೇಕು. ಬಿಡುಗಡೆ ಮಾಡಿದ ಪ್ರತಿಯೊಂದು ಆವೃತ್ತಿಯ ಸಿಂಬಲ್ ಕಡತವನ್ನು ಅಂದೇ ಜೋಪಾನವಾಗಿಡಬೇಕು.

ಎರಡನೆಯದು, ಒಂದು ಹೆಜ್ಜೆ ಹಿಂದೆ ನೋಡುವುದು. ಒಂದು ಫಂಕ್ಷನ್ ಇನ್ನೊಂದನ್ನು ಕರೆದಾಗ ನೆನಪಿನಲ್ಲಿ ಉಳಿಯುವುದು ಮರಳಿ ಬರಬೇಕಾದ ಮುಂದಿನ ಆದೇಶದ ವಿಳಾಸ. ಅದನ್ನೇ ಹಿಡಿದರೆ ಆಪಾದನೆ ಮುಂದಿನ ಸಾಲಿನ ಮೇಲೆ ಬೀಳಬಹುದು. ಆದ್ದರಿಂದ ವಿಳಾಸದಿಂದ ಒಂದನ್ನು ಕಳೆದು ಹುಡುಕುವ ರೂಢಿಯಿದೆ.

ಮೂರನೆಯದು, ಇನ್‌ಲೈನ್ ಮಾಹಿತಿ. ವೇಗಕ್ಕಾಗಿ ಕಂಪೈಲರ್ ಚಿಕ್ಕ ಫಂಕ್ಷನ್‌ಗಳನ್ನು ದೊಡ್ಡದರೊಳಗೆ ಬೆರೆಸಿಬಿಡುತ್ತದೆ. ಆ ಮಾಹಿತಿಯನ್ನು ಓದದಿದ್ದರೆ ಚಿಕ್ಕದರ ತಪ್ಪು ದೊಡ್ಡದರ ತಲೆಗೆ ಬರುತ್ತದೆ.

ಕೊನೆಯದು, ಪ್ರಾಮಾಣಿಕತೆ. ಹೆಸರು ಖಚಿತ ಮಾಹಿತಿಯಿಂದ ಸಿಕ್ಕಿತೋ, ಸ್ಟ್ಯಾಕ್ ತಡಕಾಡಿ ಊಹಿಸಿದ್ದೋ ಎಂಬುದನ್ನು ಮೊಜಿಲ್ಲಾ ವರದಿಗಳಲ್ಲಿ ಪ್ರತಿ ಸಾಲಿಗೂ ಗುರುತು ಮಾಡಿರುತ್ತಾರೆ. ಊಹೆಯನ್ನು ಊಹೆ ಎಂದೇ ಹೇಳುವ ಈ ಪದ್ಧತಿ ನನಗೆ ಬಹಳ ಹಿಡಿಸಿತು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ಇಂಥ ವರದಿಗಳ ಮುಂದೆ ಕೂರುವಿರಿ. ತಪ್ಪಿಗೆ ಹೆಸರು ಬರೆಯುವ ಮೊದಲು ಗುರುತು ಸಂಖ್ಯೆ ತಾಳೆ ನೋಡಿ. ಆ ಹುಡುಗಿಯ ಪತ್ರಿಕೆಯನ್ನು ನಾನು ಮತ್ತೆ ತಿದ್ದಿದೆ. ಅವಳೇ ತರಗತಿಗೆ ಮೊದಲಿಗಳು. ಆದರೆ ಅವಳು ಅತ್ತ ಆ ಒಂದು ದಿನವನ್ನು ನಾನು ಹಿಂದಿರುಗಿಸಲಾಗಲಿಲ್ಲ.