ಶಿಶುಪಾಲನ ಒಡಲಲ್ಲಿ ಇಬ್ಬರು

ದೇವರ ಕರುಣೆ ಮತ್ತು ನಿತ್ಯನರಕ ಎಂಬ ದೊಡ್ಡ ವಿಷಯ ಕೊಟ್ಟಿದ್ದೀರಿ. ನಾನು ಶಿಶುಪಾಲನೊಬ್ಬನನ್ನೇ ಹಿಡಿದು ಮಾತಾಡುತ್ತೇನೆ.

ರಾಜಸೂಯದ ಸಭೆಯಲ್ಲಿ ಅವನ ತಲೆ ಉರುಳಿತು, ಒಡಲಿಂದ ಎದ್ದ ಜ್ಯೋತಿ ಕೃಷ್ಣನನ್ನೇ ಸೇರಿತು. ಬಾಯಿತುಂಬ ಬೈದವನಿಗೆ ಇದೆಂಥ ಸದ್ಗತಿ ಎಂದು ಧರ್ಮರಾಯ ನಾರದರನ್ನು ಕೇಳುವುದು ಭಾಗವತದ 7ನೆಯ ಸ್ಕಂಧದಲ್ಲಿದೆ. ದ್ವೇಷಿಸಿದರೂ ಮುಕ್ತಿಯುಂಟು ಎಂದು ಹರಿಕಥೆ ಕೇಳುತ್ತ ನಾವೆಲ್ಲ ಹಿಗ್ಗಿದವರೇ. ಮಧ್ವಾಚಾರ್ಯರು ಒಪ್ಪಲಿಲ್ಲ. ಆ ಒಡಲಲ್ಲಿ ಇಬ್ಬರು ಜೀವರಿದ್ದರು ಎಂದರು. ಒಬ್ಬ, ಶಾಪಕ್ಕೆ ಸಿಕ್ಕಿ ಇಳಿದುಬಂದ ವೈಕುಂಠದ ದ್ವಾರಪಾಲಕ, ಇನ್ನೊಬ್ಬ ಅಸುರ. ದ್ವಾರಪಾಲಕ ಒಡೆಯನ ಬಳಿಗೆ ಮರಳಿದ, ಅಸುರ ಅಂಧಂತಮಸ್ಸೆಂಬ ನಿತ್ಯನರಕಕ್ಕೆ ಇಳಿದ. ಪೂತನಿಯ ದೇಹದಲ್ಲೂ ಊರ್ವಶಿ ಇದ್ದಳೆನ್ನುತ್ತದೆ ಅವರ ಮಹಾಭಾರತ ತಾತ್ಪರ್ಯ ನಿರ್ಣಯ.

ಇದನ್ನು ಬರೀ ಸಮಜಾಯಿಷಿ ಎಂದು ತಳ್ಳಿಹಾಕುವವರಿದ್ದಾರೆ. ನನಗಂತೂ ಇದರಲ್ಲಿ ದೊಡ್ಡ ಕರುಣೆ ಕಾಣುತ್ತದೆ. ಅಷ್ಟು ವಿಷ ತುಂಬಿದ ಒಡಲಲ್ಲೂ ಭಕ್ತನೊಬ್ಬನಿದ್ದರೆ ಹರಿ ಅವನನ್ನು ಬೇರೆಯಾಗಿ ಗುರುತಿಸುತ್ತಾನೆ, ಇನ್ನೊಬ್ಬನ ಪಾಪಕ್ಕೆ ಅವನನ್ನು ಬಲಿಗೊಡುವುದಿಲ್ಲ.

ಇನ್ನು ಆ ಅಸುರ ಇಳಿದ ನಿತ್ಯನರಕ. ಅದರ ಮಾತು 13ನೆಯ ಶತಮಾನದ ಉಡುಪಿಗೆ ಕ್ರೈಸ್ತರಿಂದ ಬಂದಿರಬೇಕೆಂದು ಕೆಲವು ಪಾಶ್ಚಾತ್ಯ ವಿದ್ವಾಂಸರು ಊಹಿಸಿದ್ದುಂಟು. ಆದರೆ ಆಚಾರ್ಯರ ಸೂತ್ರಭಾಷ್ಯವನ್ನೇ ನೋಡಿ. ಏಳು ನರಕಗಳಲ್ಲಿ ರೌರವ, ಕುಂಭೀಪಾಕ ಮೊದಲಾದ ಐದು ಅನಿತ್ಯ; ಪಾಪ ತೀರಿದರೆ ಬಿಡುಗಡೆ. ತಾಮಿಸ್ರ, ಅಂಧತಾಮಿಸ್ರ ಎರಡೇ ನಿತ್ಯ. ಅವು ತಮೋಯೋಗ್ಯರಿಗೆ, ಅಂದರೆ ಸ್ವಭಾವದಿಂದಲೇ ತಮಸ್ಸಿಗೆ ಸಲ್ಲುವ ಜೀವರಿಗೆ. ಮುಕ್ತನಲ್ಲಿ ಸ್ವರೂಪದ ಆನಂದ ಪ್ರಕಟವಾಗುವಂತೆ ಅವರಲ್ಲಿ ಸ್ವರೂಪದ ದುಃಖ ಪ್ರಕಟವಾಗುತ್ತದೆ. ನ್ಯಾಯಾಧೀಶನ ಶಿಕ್ಷೆಗೂ ಇದಕ್ಕೂ ಬಹಳ ದೂರ.

ನಮ್ಮ ಗುರುಗಳು ಹರಿಕಥಾಮೃತಸಾರದ ಪಾಠ ಹೇಳುತ್ತಿದ್ದರು. ಮಾನ್ವಿಯ ಜಗನ್ನಾಥದಾಸರು ಮಂಗಳಾಚರಣೆ ಮುಗಿಸಿದವರೇ ಕರುಣಾಸಂಧಿಗೆ ಬರುತ್ತಾರಲ್ಲ, ಮಲಗಿ ಹಾಡಿದರೆ ಕುಳಿತು ಕೇಳುವ ದೇವರ ಆ ಪದ್ಯ ನಿಮಗೆಲ್ಲ ಬಾಯಿಪಾಠ. ಅಲ್ಲಿ ಗುರುಗಳ ಗಂಟಲು ಕಟ್ಟುತ್ತಿತ್ತು. ಅದೇ ಗ್ರಂಥದ ದೈತ್ಯತಾರತಮ್ಯ ಸಂಧಿಯನ್ನು ಮಾತ್ರ ಬೇಗ ಬೇಗ ಮುಗಿಸುತ್ತಿದ್ದರು. ಯಾಕೆಂದು ನಾನು ಕೇಳಿದಾಗ ಬ್ರಹ್ಮಸೂತ್ರ ತೆಗೆದರು. ದೇವರಿಗೆ ಪಕ್ಷಪಾತವಿಲ್ಲ, ನಿರ್ದಯೆಯಿಲ್ಲ; ಮಳೆ ಒಂದೇ, ಬೇವು ಕಹಿಯಾಗುತ್ತದೆ, ಕಬ್ಬು ಸಿಹಿಯಾಗುತ್ತದೆ ಎಂದರು. ಜೀವಸ್ವಭಾವ ಅನಾದಿ, ಅದನ್ನು ದೇವರು ಹುಟ್ಟಿಸಿದ್ದಲ್ಲ ಎಂದೂ ಸೇರಿಸಿದರು.

ಕ್ರೌರ್ಯದ ಆರೋಪಕ್ಕೆ ಅಷ್ಟು ಉತ್ತರ ಸಾಕು ಎಂದು ನಾನೂ ನಂಬಿದ್ದೇನೆ. ಪ್ರೀತಿಯ ಪ್ರಶ್ನೆಗೆ ಸಾಕೇ? ಸರ್ವಸ್ವತಂತ್ರನಾದವನು ಆ ಸ್ವಭಾವವನ್ನು ಬದಲಿಸಲು ಯಾಕೆ ಮನಸ್ಸು ಮಾಡುವುದಿಲ್ಲ? ಅಸುರನಲ್ಲೂ ಬಿಂಬರೂಪಿಯಾಗಿ ನೆಲೆಸಿರುವ ಹರಿ ತಮಸ್ಸಿನಲ್ಲೂ ಅವನ ಕೈ ಬಿಡುವುದಿಲ್ಲವಷ್ಟೆ? ಹಾಗಿದ್ದರೆ ಆ ಜೊತೆಯನ್ನು ಏನೆಂದು ಕರೆಯೋಣ? ಸಿದ್ಧಾಂತವನ್ನು ಬಿಡಲು ನನಗೆ ಮನಸ್ಸಿಲ್ಲ, ಪ್ರಶ್ನೆಯನ್ನು ಬಿಡಲೂ ಆಗುತ್ತಿಲ್ಲ. ನ್ಯಾಯಸುಧೆಯ ಪಾಠ ಆದವರು ಈ ಸಭೆಯಲ್ಲಿದ್ದೀರಿ. ದಯವಿಟ್ಟು ಎದ್ದು ಬಂದು ಉತ್ತರ ಹೇಳಿ.