ಬಾಲ್ಕನಿಯ ಬಾಣಂತಿಯರು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಊರು ಬಿಟ್ಟು ಬಂದ ನಮ್ಮಂಥವರ ಸಭೆಗಳಲ್ಲಿ ಹಕ್ಕಿಯ ಗೂಡು ಎಂದೊಡನೆ ಅದು ರೂಪಕವಾಗಿಬಿಡುತ್ತದೆ. ಬಿಟ್ಟುಬಂದ ಮನೆ, ದಾರಿ ಕಾಯುವ ತಾಯಿ, ಸಂಜೆಗೆ ಮರಳುವ ರೆಕ್ಕೆಗಳು. ಇವು ಬಾರದ ಕವಿಗೋಷ್ಠಿಯನ್ನು ಮುಂಬಯಿಯಲ್ಲಿ ನಾನು ಕೇಳಿದ್ದು ಕಡಿಮೆ. ರೂಪಕದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದು ನಮ್ಮ ಕುರಿತಾದದ್ದು, ಹಕ್ಕಿಯ ಕುರಿತಾದದ್ದಲ್ಲ. ನಮ್ಮ ಕೈದೋಟಗಳ ಚಿಕ್ಕ ಹಕ್ಕಿಗಳಲ್ಲಿ ಹೆಚ್ಚಿನವು ಗೂಡಿನಲ್ಲಿ ವಾಸಿಸುವುದೇ ಇಲ್ಲ. ಅವು ರಾತ್ರಿ ಕಳೆಯುವುದು ಎಲೆಗಳ ಮರೆಯಲ್ಲಿ, ಕೊಂಬೆಯ ಮೇಲೆ. ಗೂಡು ಬೇಕಾಗುವುದು ಮೊಟ್ಟೆಯಿಟ್ಟು ಮರಿಯನ್ನು ಹಾರಿಸುವಷ್ಟು ಕಾಲ ಮಾತ್ರ. ನಮ್ಮ ಹಳೆಯ ಮನೆಗಳ ಬಾಣಂತಿಕೋಣೆಗೆ ಅದನ್ನು ಹೋಲಿಸಿದರೆ ಹೆಚ್ಚು ಸರಿಯಾದೀತು. ಬಾಣಂತಿಕೋಣೆಯ ಹತ್ತಿರ ನಾವು ಹೇಗೆ ನಡೆದುಕೊಳ್ಳುತ್ತಿದ್ದೆವೆಂಬುದು ಇಲ್ಲಿರುವ ಹಿರಿಯ ತಾಯಂದಿರಿಗೆ ಗೊತ್ತು.

ಮೊದಲು ಸಿಂಪಿಗನ ಮಾತು. ಬೆನ್ನು ಹಸಿರು, ನೆತ್ತಿ ಕಂದುಗೆಂಪು, ಬಾಲ ಸದಾ ನೆಟ್ಟಗೆ, ಗಾತ್ರ ಗುಬ್ಬಚ್ಚಿಗಿಂತ ಚಿಕ್ಕದು, ಗಂಟಲು ಮಾತ್ರ ಬಲು ದೊಡ್ಡದು. ಕೆಲವರು ಇದನ್ನು ಟುವ್ವಿ ಹಕ್ಕಿ ಎನ್ನುತ್ತಾರೆ. ಮರಾಠಿಯ ನೆರೆಯವರು ಕರೆಯುವುದು ಶಿಂಪಿ ಎಂದು. ಎರಡು ಭಾಷೆಗಳೂ ಒಂದೇ ಕಸುಬಿನ ಹೆಸರನ್ನು ಇದಕ್ಕೆ ಕೊಟ್ಟಿವೆ, ಗಡಿ ವಿವಾದ ಇದನ್ನು ಮುಟ್ಟಿಲ್ಲ! ಹೊಲಿಯುವವಳು ಬಹುಮಟ್ಟಿಗೆ ಹೆಣ್ಣು. ದಾಸವಾಳದ್ದೋ ನಿಂಬೆಯದೋ ಅಗಲವಾದ ಒಂದು ಎಲೆಯನ್ನು, ಅಥವಾ ಅಕ್ಕಪಕ್ಕದ ಎರಡು ಮೂರು ಎಲೆಗಳನ್ನು ಆರಿಸಿ, ಅಂಚಿನಲ್ಲಿ ಕೊಕ್ಕಿನಿಂದ ಸಣ್ಣ ತೂತು ಮಾಡುತ್ತದೆ. ಹತ್ತಿಯ ಎಳೆಯನ್ನೋ ಜೇಡರ ಬಲೆಯನ್ನೋ ಆ ತೂತಿನಲ್ಲಿ ತೂರಿಸಿ ಎದುರಂಚನ್ನು ಎಳೆದುಕೊಳ್ಳುತ್ತದೆ. ಇದು ದರ್ಜಿಯವನ ಓಡುಹೊಲಿಗೆಯಲ್ಲ. ಒಂದೊಂದು ತೂತಿಗೆ ಒಂದೊಂದು ಬಿಡಿ ಹೊಲಿಗೆ. ಎಳೆಯ ತುದಿ ಹೊರಗೆ ಹಿಂಜಿಕೊಂಡು ಉಬ್ಬುವುದರಿಂದ ಅದು ಜಾರುವುದಿಲ್ಲ. ಹಕ್ಕಿ ಗಂಟು ಹಾಕುತ್ತದೆಂಬುದು ಕೇವಲ ಕಥೆ. ಎಲೆ ಗಿಡದಲ್ಲೇ ಇದ್ದು ಹಸಿರಾಗಿ ಉಳಿಯುತ್ತದೆ, ಅದರ ಮೇಲ್ಮೈ ಹೊರಗಿರುತ್ತದೆ. ಆದ್ದರಿಂದಲೇ ದಿನಾ ನೀರು ಹಾಕುವವರ ಕಣ್ಣಿಗೂ ಅದು ಬೀಳುವುದಿಲ್ಲ. ಒಳಗೆ ಹತ್ತಿಯ ಮೆತ್ತೆ, ಮೂರೋ ನಾಲ್ಕೋ ಮೊಟ್ಟೆ. ಕಾವು ಸುಮಾರು 12 ದಿನ, ಮರಿ ಹಾರಲು ಮತ್ತೆರಡು ವಾರ.

ಸೂರಕ್ಕಿಯ ರೀತಿ ಬೇರೆ. ಬಾಲ್ಕನಿಯ ಬಟ್ಟೆ ಒಣಗಿಸುವ ಹಗ್ಗಕ್ಕೋ, ತೂಗುಹಾಕಿದ ಬಳ್ಳಿಗೋ, ಹಳೆಯ ವಿದ್ಯುತ್ ತಂತಿಗೋ ಅದು ಚೀಲದಂಥ ಗೂಡನ್ನು ತೂಗಬಿಡುತ್ತದೆ. ನಾರನ್ನೂ ಎಳೆಯನ್ನೂ ಜೇಡರ ಬಲೆಯಿಂದ ಬಿಗಿದು, ಹೊರಮೈಗೆ ತೊಗಟೆಯ ಚೂರು, ಕಂಬಳಿಹುಳುವಿನ ಹಿಕ್ಕೆ, ಕಾಗದದ ತುಣುಕು ಅಂಟಿಸುತ್ತದೆ. ನೋಡಿದವರಿಗೆ ಅದು ಗಾಳಿಗೆ ಸಿಕ್ಕಿಕೊಂಡ ಕಸ. ದೀಪಾವಳಿಯ ಮುಂಚೆ ಮನೆ ಗುಡಿಸುವಾಗ ಪೊರಕೆಯ ತುದಿಗೆ ಎಷ್ಟು ಬಾಣಂತನಗಳು ಸಿಕ್ಕಿವೆಯೋ! ಕಸದ ಮುದ್ದೆಯ ಪಕ್ಕದಲ್ಲಿ ಒಂದು ತೂತು, ಅದರ ಮೇಲೊಂದು ಪುಟ್ಟ ಸೂರು ಕಂಡರೆ ಪೊರಕೆಯನ್ನು ಕೆಳಗಿಡಿ. ಮೊಟ್ಟೆ ಸಾಮಾನ್ಯವಾಗಿ ಎರಡೇ. ಪಿಕಳಾರವಂತೂ ಬಟ್ಟಲಿನಂಥ ತೆರೆದ ಗೂಡನ್ನು ಕುಂಡದ ಗಿಡದಲ್ಲೇ, ನಮ್ಮ ಕೈಗೆಟಕುವ ಎತ್ತರದಲ್ಲೇ ಕಟ್ಟಿಬಿಡುತ್ತದೆ.

ನೋಡುವ ತಾಳ್ಮೆ ಎಂಥದ್ದೆಂಬುದಕ್ಕೆ ಈ ನಗರದ್ದೇ ಒಂದು ನಿದರ್ಶನವಿದೆ. ಸಲೀಂ ಅಲಿಯವರು 1930ರ ಮಳೆಗಾಲದಲ್ಲಿ, ಕೈಯಲ್ಲಿ ನೌಕರಿಯಿಲ್ಲದ ಹೊತ್ತಿನಲ್ಲಿ, ಕೊಲ್ಲಿಯಾಚೆಯ ಅಲಿಬಾಗ್ ಬಳಿಯ ಕಿಹೀಮ್‌ನಲ್ಲಿ ಗೀಜಗನ ಗೂಡುಗಳ ಮುಂದೆ ಕುಳಿತರು. ಅವರು ಕಂಡದ್ದು ಇದು: ಗಂಡು ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸುತ್ತದೆ. ಅದು ಒಪ್ಪಿದರೆ ಮಾತ್ರ ಗಂಡು ಕೆಲಸ ಮುಗಿಸಿ, ಬೇರೊಂದು ಹೆಣ್ಣಿಗಾಗಿ ಇನ್ನೊಂದು ಗೂಡಿಗೆ ಕೈಹಾಕುತ್ತದೆ. ಮರಾಠಿಯಲ್ಲಿ ಗೀಜಗನ ಹೆಸರು ಸುಗರಣ, ಅಂದರೆ ಜಾಣ ಗೃಹಿಣಿ. ದುಡಿಮೆ ಗಂಡಿನದು, ಹೆಸರು ಹೆಣ್ಣಿಗೆ. ಮನುಷ್ಯರ ಲೋಕದಲ್ಲಿ ಇದು ತಿರುಗುಮುರುಗಾಗಿರುವುದನ್ನು ನಾನು ಬೇರೆ ಹೇಳಬೇಕೇ?

ಇನ್ನು, ಗೂಡು ಕಂಡವರು ಮಾಡಬೇಕಾದದ್ದೇನು? ಬಹುಪಾಲು, ಏನೂ ಇಲ್ಲ. ಮನುಷ್ಯನ ಕೈ ತಗುಲಿದ ವಾಸನೆಗೆ ತಾಯಿ ಮರಿಯನ್ನು ತೊರೆಯುತ್ತದೆಂಬ ನಂಬಿಕೆ ನಿಜವಲ್ಲ. ಅಪಾಯವಿರುವುದು ನಮ್ಮ ಕುತೂಹಲದಲ್ಲಿ. ಕಟ್ಟುವ ಹಂತದಲ್ಲಿ ಪದೇ ಪದೇ ಇಣುಕಿದರೆ ಹಕ್ಕಿ ಗೂಡನ್ನೇ ಬಿಟ್ಟುಬಿಡಬಹುದು. ನಾವು ಬಗ್ಗಿ ನೋಡುವ ಕಡೆಗೆ ಕಾಗೆಯೂ ನೋಡುತ್ತದೆ. ಕೆಂಬೂತವೂ ಮೊಟ್ಟೆ ಮರಿಗಳನ್ನು ಬಿಡುವುದಿಲ್ಲ. ಮೊಬೈಲ್ ಹಿಡಿದು ಗೂಡಿನೊಳಗಿನ ಚಿತ್ರ ತೆಗೆಯಲು ಎಲೆಗಳನ್ನು ಸರಿಸುವವರು ಇದನ್ನು ನೆನಪಿಡಬೇಕು. ಕುಂಡಗಳಿಗೆ ಕೀಟನಾಶಕ ಹೊಡೆಯುವವರಿಗೆ ಇನ್ನೊಂದು ಮಾತು: ಮಕರಂದ ಕುಡಿದು ಬದುಕುವ ಸೂರಕ್ಕಿ ಕೂಡ ಮರಿಗಳಿಗೆ ಉಣಿಸುವುದು ಜೇಡ ಮತ್ತು ಹುಳುಗಳನ್ನು. ಹುಳುವಿಲ್ಲದ ದಾಸವಾಳ ನಮಗೆ ಚೆಂದ, ಸಿಂಪಿಗನ ಮರಿಗೆ ಉಪವಾಸ.

ಗೂಡಿನಿಂದ ಇಳಿದ ಮರಿ ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಅದನ್ನು ಅನಾಥವೆಂದು ಮನೆಗೊಯ್ಯಬೇಡಿ. ಪುಕ್ಕ ಬಂದ ಮರಿ ಸರಿಯಾಗಿ ಹಾರುವ ಮೊದಲೇ ಗೂಡು ಬಿಡುವುದುಂಟು. ತಂದೆತಾಯಿ ಹತ್ತಿರದಲ್ಲೇ ಇದ್ದು ಉಣಿಸುತ್ತಿರುತ್ತವೆ. ಬೆಕ್ಕನ್ನು ಒಳಗೆ ಕಟ್ಟಿ, ಮರಿಯನ್ನು ಪಕ್ಕದ ಪೊದೆಯ ಮೇಲಿಟ್ಟರೆ ಸಾಕು. ಪುಕ್ಕವೇ ಬಾರದ ಮರಿಯಾದರೆ ಮೆಲ್ಲನೆ ಗೂಡಿಗೇ ಮರಳಿಸಿ.

ನಾನು ಮುಖ್ಯವಾಗಿ ಹೇಳಬಂದದ್ದು ಕೊಂಬೆ ಕಡಿಯುವ ವಿಚಾರ. ಮಳೆಗೆ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ, ನಮ್ಮ ಹೌಸಿಂಗ್ ಸೊಸೈಟಿಗಳಲ್ಲಿ ಮರಗಳ ಕೊಂಬೆ ಕಡಿಸುತ್ತಾರೆ. ಗಾಳಿಗೆ ಮುರಿದು ಜನರ ಮೇಲೆ ಬೀಳುವ ಕೊಂಬೆಯನ್ನು ತೆಗೆಯಲೇಬೇಕು, ಅದರಲ್ಲಿ ವಾದವಿಲ್ಲ. ಆದರೆ ಅದೇ ತಿಂಗಳುಗಳಲ್ಲಿ ಪಿಕಳಾರ, ಸಿಂಪಿಗಗಳ ಗೂಡುಗಳೂ ತುಂಬಿರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆ ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದೂ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿವೆ. ಕಾಡುಹಕ್ಕಿ ಎಂದಮಾತ್ರಕ್ಕೆ ಅದು ಕಾಡಿನಲ್ಲೇ ಇರಬೇಕಾಗಿಲ್ಲ. ಈ ಸಭೆಯಲ್ಲಿರುವ ಅನೇಕರು ತಮ್ಮ ತಮ್ಮ ಸೊಸೈಟಿಯ ಕಾರ್ಯದರ್ಶಿಗಳು, ಖಜಾಂಚಿಗಳು. ಗುತ್ತಿಗೆದಾರನಿಗೆ ಕೆಲಸ ಒಪ್ಪಿಸುವ ಮುನ್ನ ಒಂದು ಬೆಳಿಗ್ಗೆ ಮರದ ಕೆಳಗೆ ಅರ್ಧ ಗಂಟೆ ನಿಂತು ನೋಡಿ. ಕೊಕ್ಕಿನಲ್ಲಿ ಹುಳು ಹಿಡಿದ ಹಕ್ಕಿ ಮತ್ತೆ ಮತ್ತೆ ಒಂದೇ ಕಡೆ ನುಗ್ಗುತ್ತಿದ್ದರೆ ಅಲ್ಲಿ ಮರಿಗಳಿವೆ. ಆ ಕೊಂಬೆಗೆ ಒಂದು ಕೆಂಪು ದಾರ ಕಟ್ಟಿಸಿ, ಅದೊಂದನ್ನು ಬಿಟ್ಟು ಉಳಿದುದನ್ನು ಕಡಿಯಲು ಹೇಳಿ. ಗೂಡು ಕಟ್ಟತೊಡಗಿದಂದಿನಿಂದ ಮರಿ ಹಾರುವವರೆಗೆ ಒಟ್ಟು ನಾಲ್ಕರಿಂದ ಆರು ವಾರ. ಮರಿಗಳು ಕಂಡವೆಂದರೆ ಉಳಿದದ್ದು ಹೆಚ್ಚೆಂದರೆ ಎರಡೂವರೆ ವಾರ. ಗುತ್ತಿಗೆದಾರ ಜೂನ್ ಮೊದಲ ವಾರದಲ್ಲಿ ಒಂದು ಕೊಂಬೆಗಾಗಿ ಇನ್ನೊಮ್ಮೆ ಬರಬೇಕಾದೀತು. ಅದರ ಕೂಲಿಯನ್ನು ಈಗಲೇ ಕರಾರಿನಲ್ಲಿ ಬರೆಸಿಕೊಳ್ಳಿ.