ಸೇತುವೆಯ ನಾಡಿ ನೋಡುವವರಾರು?

(ಉಪನ್ಯಾಸದ ಪಠ್ಯ)



ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ ಬಯಲುಸೀಮೆಗೆ ಇಳಿಯುತ್ತವೆ. ಆ ನೀರು ಹೊಸಪೇಟೆಯ ಬಳಿ ಜಲಾಶಯದಲ್ಲಿ ನಿಂತು, 227 ಕಿ.ಮೀ. ಉದ್ದದ ಎಡದಂಡೆ ಕಾಲುವೆಯಲ್ಲಿ ಹರಿದು ಸಿಂಧನೂರು, ಮಸ್ಕಿಗಳ ಭತ್ತದ ಗದ್ದೆಗಳನ್ನು ತಲುಪುತ್ತದೆ. ಘಟ್ಟದ ಮಳೆಗೂ ಎರೆನೆಲದ ಅನ್ನಕ್ಕೂ ನಡುವೆ ಇರುವುದು ಮನುಷ್ಯ ಕಟ್ಟಿದ ಕಲ್ಲು, ಕಬ್ಬಿಣಗಳೇ.

2024ರ ಆಗಸ್ಟ್ 10ರ ರಾತ್ರಿ ಜಲಾಶಯ ತುಂಬಿದ್ದಾಗಲೇ, 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಲು ಸಂಗ್ರಹದ ನೀರನ್ನೇ ನದಿಗೆ ಬಿಡಬೇಕಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಆಗಸ್ಟ್ 17ರ ವೇಳೆಗೆ ತಾತ್ಕಾಲಿಕ ಗೇಟನ್ನು ಇಳಿಸಲಾಯಿತು. ಆದರೂ 2025ರಲ್ಲಿ, ಸುಮಾರು 105 ಟಿಎಂಸಿ ಅಡಿ ಹಿಡಿಯುವ ಜಲಾಶಯದಲ್ಲಿ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಲಾಯಿತು. ಒಂದು ಸರಪಳಿಯ ಸವೆತಕ್ಕೆ ಕಾಲುವೆಯ ಕೊನೆಯಂಚಿನ ರೈತನೂ ಬೆಲೆ ತೆತ್ತನು. ಅದೇ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು, ಲಾರಿಯೊಂದು ನೀರಿಗೆ ಬಿದ್ದಿತ್ತು.

ಇಂತಹ ಅವಘಡಗಳು ಒಂದೇ ರಾತ್ರಿಯಲ್ಲಿ ಹುಟ್ಟುವುದಿಲ್ಲ. ಕಣ್ಣಿಗೆ ಕಾಣದ ಬದಲಾವಣೆಯನ್ನು ಮೊದಲೇ ಗುರುತಿಸಲು ಇಂದು ಸಂವೇದಕಗಳಿವೆ. ಪ್ರತಿಯೊಂದು ಸೇತುವೆಗೂ ತನ್ನದೇ ಆದ ಕಂಪನವಿದೆ. ಒಳಗೆ ಯಾವುದಾದರೂ ಭಾಗ ಸಡಿಲಗೊಂಡರೆ ಆ ಕಂಪನ ಬದಲಾಗುತ್ತದೆ. ಒಂದು ಉಪಕರಣ ಕಂಪನವನ್ನು ಅಳೆದರೆ, ಇನ್ನೊಂದು ಉಕ್ಕಿನ ಹಿಗ್ಗು-ಕುಗ್ಗನ್ನೂ ಮತ್ತೊಂದು ಕಂಬದ ವಾಲುವಿಕೆಯನ್ನೂ ಅಳೆಯುತ್ತವೆ. ಗೇಟಿನ ಎರಡು ಸರಪಳಿಗಳ ಮೇಲಿನ ಭಾರದಲ್ಲಿ ವ್ಯತ್ಯಾಸ ಬಂದರೆ ಅದನ್ನೂ ತಿಳಿಯಬಹುದು.

ಆದರೆ ರಾಯಚೂರು ಸೀಮೆಯ ಸುಡುಬಿಸಿಲಿಗೆ ಗಟ್ಟಿಮುಟ್ಟಾದ ಸೇತುವೆಯೂ ಹಿಗ್ಗುತ್ತದೆ. ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಕಾಲುವೆಯ ಗೋಡೆಯನ್ನೂ ಕಿರುಸೇತುವೆಯನ್ನೂ ಅಲುಗಿಸುತ್ತದೆ. ಆದುದರಿಂದ ಕನಿಷ್ಠ ಒಂದು ವರ್ಷದ ಎಲ್ಲ ಋತುಗಳ ಅಳತೆ ಕೈಯಲ್ಲಿದ್ದರೆ ಮಾತ್ರ ಯಾವುದು ಸಹಜ, ಯಾವುದು ರೋಗ ಎಂಬುದು ತಿಳಿಯುತ್ತದೆ. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆಯು ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಮುಳುಗುತ್ತದೆ. ಅಂತಹ ಸೇತುವೆಗಳಲ್ಲಿ ಪ್ರವಾಹವು ಬುಡದ ಮಣ್ಣನ್ನು ಕೊರೆದಿದೆಯೇ ಎಂಬುದನ್ನು ನೀರಿಳಿದ ಮೇಲೆ ನೋಡಲೇಬೇಕು. ಮೇಲಿನ ರಸ್ತೆ ಒಣಗಿದ ಮಾತ್ರಕ್ಕೆ ಸೇತುವೆ ಸುರಕ್ಷಿತವೆನ್ನಲಾಗದು.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು ದೊಡ್ಡ ಅಣೆಕಟ್ಟುಗಳಲ್ಲಿ ಮಾಪನ ಉಪಕರಣಗಳಿರಬೇಕೆಂದು ವಿಧಿಸಿದೆ. ಆದರೆ ಉಪಕರಣ ಗ್ರೀಸು ಹಚ್ಚುವುದಿಲ್ಲ, ತುಕ್ಕು ಕೆರೆಯುವುದಿಲ್ಲ. ಅದು ಕೂಗಿ ಹೇಳಿದಾಗ ಕೇಳುವ ಅಧಿಕಾರಿ, ದುರಸ್ತಿಗೆ ಮೀಸಲಾದ ಹಣ, ಸಂಚಾರ ನಿಲ್ಲಿಸುವ ಧೈರ್ಯ ಇವು ಮೂರೂ ಬೇಕು. ಆ ಅಳತೆಗಳು ಗ್ರಾಮಸಭೆಯ ಮುಂದೆಯೂ ಬರಬೇಕು. ಏಕೆಂದರೆ ಸೇತುವೆ ಕುಸಿದರೆ ಮೊದಲು ನಷ್ಟಕ್ಕೀಡಾಗುವವರು ಅದನ್ನು ದಿನವೂ ದಾಟುವವರೇ.

ದುಬಾರಿ ಯಂತ್ರ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಬಿರುಕಿನ ಎರಡು ಬದಿಗೂ ಸಿಮೆಂಟಿನಿಂದ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದಿಡುವುದು ಎಂಜಿನಿಯರರ ಹಳೆಯ ಕ್ರಮ. ಗಾಜು ಒಡೆದರೆ ಬಿರುಕು ಸರಿದಿದೆ ಎಂದರ್ಥ. ಇದನ್ನು ಇಲಾಖೆಯಿಂದ ಮಾಡಿಸಿ, ತಿಂಗಳಿಗೊಮ್ಮೆ ನೋಡಿ ದಾಖಲಿಸುವ ಕೆಲಸವನ್ನು ಶಾಲಾ ಕಾಲೇಜುಗಳು ವಹಿಸಿಕೊಳ್ಳಲಿ. ತಮ್ಮೂರಿನ ಹಳ್ಳದ ಸೇತುವೆಯಿಂದಲೇ ವಿದ್ಯಾರ್ಥಿಗಳು ಈ ಕೆಲಸವನ್ನು ಆರಂಭಿಸಲಿ.